ಬ್ಯಾರನ್ನಿನ ಬೀಗದ ಕೈ

ಬೊಲೆರೊ ನನ್ನ ಬೈಕಿನ ಹಿಂದಿನ ಚಕ್ರದಿಂದ ಒಂದು ಗೇಣು ದೂರದಲ್ಲಿತ್ತು!

ಸರಿ, ಗೇಣಲ್ಲ. ಇಪ್ಪತ್ತಡಿ ಇರಬಹುದು. ಆದರೆ ಹಾರನ್ ಸದ್ದು ಮಾತ್ರ ನನ್ನ ಬೆನ್ನುಮೂಳೆಯೊಳಗೇ ಕೇಳುತ್ತಿತ್ತು.

ಹಿಂದಿನ ಸೀಟಿನಲ್ಲಿ ಕಾಂತರಾಜ್. ಟವೆಲ್ಲಿನಿಂದ ಅವನನ್ನು ನನ್ನ ಸೊಂಟಕ್ಕೆ ಬಿಗಿದು ಕಟ್ಟಿದ್ದೆ. ಅವನ ಮೈ ನಡುಗುತ್ತಿತ್ತು. ಹುಣಸೂರು ದಾಟುವಷ್ಟರಲ್ಲಿ ನನ್ನ ಶರ್ಟಿನ ಮೇಲೆ ಎರಡು ಸಲ ವಾಂತಿ ಮಾಡಿದ್ದ.

"ನಂಜಣ್ಣ... ಇಳ್ಸ್‌ಬುಡು. ಸಾಯ್ತೀನಿ."

"ಹ್ಯಾಂಡ್‌ಪೋಸ್ಟ್‌ನಲ್ಲಿ ಸಾಯುವಂತೆ ಕಣ್ಲಾ. ಡಾಕ್ಟ್ರು ಒಂದು ಗಂಟೆಗೆ ಎದ್ದೋಯ್ತಾರೆ!"

ನಾನು ಯಾರು ಅಂತೀರಾ? ಬೆಟ್ಟದಪುರದ ನಂಜಯ್ಯ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ... ನಾಲ್ಕು ತಾಲ್ಲೂಕಿನಲ್ಲಿ ಯಾರದೇ ಕಗ್ಗಂಟಾದರೂ ಬಿಚ್ಚಲು ನನಗೇ ಫೋನ್. ನಶೆಗೆ ಬಿದ್ದವರನ್ನು ಬಿಡಿಸುವುದರಲ್ಲಂತೂ ನಾನು ಕಿಂಗ್! ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇದೆಯಲ್ಲ, ಕಿಟಕಿಯಿಲ್ಲದ ಮಣ್ಣಿನ ಗೋಡೆ, ಒಂದೇ ಬಾಗಿಲು... ಸೀಸನ್ ಮುಗಿದು ಅದು ಖಾಲಿ ಬಿದ್ದಾಗ ಅವರನ್ನು ಎಂಟು ದಿನ ಒಳಗೆ ಕೂಡಿಹಾಕಿ ಬೀಗ ಜಡಿಯುವುದು. ನಲವತ್ತು ಜನರನ್ನು ಹಾಗೇ ಗುಣಪಡಿಸಿದ್ದೇನೆ.

ಕಾಂತರಾಜ್ ಕಳೆದ ವರ್ಷ ಬ್ಯಾರನ್ನಿನ ಅಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡವನು. ನೋವಿಗೆ ಮಾತ್ರೆ. ನೋವು ಹೋಯಿತು, ಮಾತ್ರೆ ಉಳಿಯಿತು. ದಿನಕ್ಕೆ ಹದಿನೈದು!

ಮೊನ್ನೆ ಅವನ ತಾಯಿ ಸುನಂದಮ್ಮ ಬಂದು ತಮ್ಮ ಬ್ಯಾರನ್ನಿನ ಬೀಗದ ಕೈಯನ್ನು ನನ್ನ ಅಂಗೈಗೆ ತುರುಕಿದ್ದರು.

"ದೊಡ್ಡವನ್ಗೆ ಮಾಡ್ದಂಗೆ ಇವನ್ಗೂ ಮಾಡ್ರಿ ನಂಜಣ್ಣ. ಸೊಪ್ಪು ಇನ್ನೂ ಬೇಯ್ತಾ ಐತೆ, ಬ್ಯಾರನ್ ಖಾಲಿ ಆಗೋದು ಶನಿವಾರವೇಯಾ. ಅಲ್ಲೀಗಂಟ ಯಾವ್ದಾರ ಡಾಕ್ಟ್ರುಗೆ ತೋರ್ಸಿ."

ದೊಡ್ಡವನು ಮೂರ್ತಿ. ಅವನೂ ಇದೇ ಮಾತ್ರೆಗೆ ಬಿದ್ದವನು. ಎಂಟು ದಿನ ಬ್ಯಾರನ್ನಿನಲ್ಲಿದ್ದ. ಒಂಬತ್ತನೇ ದಿನ ಎರಡು ಮುದ್ದೆ ಉಂಡು ನಕ್ಕ. ಹತ್ತನೇ ದಿನ ಸತ್ತ. ಹಾರ್ಟು ನಿಂತಿತು ಅಂತ ಊರಿಗೆಲ್ಲ ನಾನೇ ಹೇಳಿದ್ದೆ.

ಡಾಕ್ಟರ್ ಹುಡುಕಿದೆ. ಪಿರಿಯಾಪಟ್ಟಣದಲ್ಲಿ "ಮೈಸೂರಿಗೆ ಹೋಗಿ" ಅಂದರು. ಕೆ.ಆರ್. ನಗರದಲ್ಲಿ ಕೈಗೆ ದಾರ ಕಟ್ಟಿದರು. ಕೊನೆಗೆ ನಮ್ಮೂರಿನ ಆಶಾ ಕಾರ್ಯಕರ್ತೆ ಹೇಳಿದಳು. ಎಚ್.ಡಿ. ಕೋಟೆ ಪಕ್ಕದ ಹ್ಯಾಂಡ್‌ಪೋಸ್ಟ್ ಹತ್ತಿರ ಒಂದು ಸಣ್ಣ ಕ್ಲಿನಿಕ್. ಡಾಕ್ಟರ್ ಮಾನಸ. ವಾರಕ್ಕೆ ಎರಡೇ ದಿನ. ನಾಲಿಗೆ ಕೆಳಗಿಡುವ ಮಾತ್ರೆ ಕೊಡುತ್ತಾರಂತೆ, ನಡುಕ ನಿಲ್ಲುತ್ತದಂತೆ.

ಅಷ್ಟರಲ್ಲಿ... ಟ್ರ್ಯಾಕ್ಟರ್! ಸೌದೆ ತುಂಬಿದ ಟ್ರೇಲರ್ ರಸ್ತೆಗೆ ಅಡ್ಡ ತಿರುಗಿತು.

ಬ್ರೇಕ್!

ಬೊಲೆರೊದಿಂದ ಕುಮಾರ್ ಇಳಿದ. ಮಾತ್ರೆ ಮಾರುವವನು ಇವನೇ. ಜೊತೆಗೆ ಇಬ್ಬರು.

"ಆಸ್ಪತ್ರೇಲಿ ಮೊದ್ಲು ಕೇಳೋದೇ ಎಲ್ಲಿ ತಗೋತಿದ್ದೆ ಅಂತ. ಏನಂತ ಏಳೀಯೆ ಕಾಂತ?"

"ಏನೂ ಏಳಕ್ಕಿಲ್ಲ ಕಣಣ್ಣ..."

ಕುಮಾರ್ ಕೈ ಎತ್ತಲಿಲ್ಲ. ಜೇಬಿನಿಂದ ಒಂದು ಸ್ಟ್ರಿಪ್ ಮಾತ್ರೆ ತೆಗೆದು ಕಾಂತರಾಜನ ಅಂಗೈಯಲ್ಲಿಟ್ಟ. ಅಷ್ಟೇ!

ನಾನು ಆರು ಜನರನ್ನು ಹೊಡೆದುರುಳಿಸಿದೆ. ಇದ್ದವರೇ ಮೂವರು, ಅದರಲ್ಲೊಬ್ಬ ತಾನೇ ಜಾರಿ ಚರಂಡಿಗೆ ಬಿದ್ದ, ಆ ಮಾತು ಬಿಡಿ. ಟ್ರೇಲರ್‌ಗೂ ಚರಂಡಿಗೂ ನಡುವಿನ ಮೊಳದಗಲದ ಸಂದಿಯಲ್ಲಿ ಬೈಕ್ ನುಗ್ಗಿಸಿದೆ. ಬೊಲೆರೊ ಆಚೆಯೇ ಉಳಿಯಿತು.

ಕನ್ನಡಿಯಲ್ಲಿ ನೋಡಿದೆ. ಕಾಂತರಾಜನ ದವಡೆ ಆಡುತ್ತಿತ್ತು.

ನೋಡದವನಂತೆ ಗಾಡಿ ಓಡಿಸಿದೆ.

ಹನ್ನೆರಡೂ ಐವತ್ತಕ್ಕೆ ಕ್ಲಿನಿಕ್.

"ಕೊನೇದಾಗಿ ಯಾವಾಗ ತಗೊಂಡ್ರಿ?" ಡಾಕ್ಟರ್ ಮಾನಸ ಕೇಳಿದರು.

"ನಿನ್ನೆ ಸಾಯಂಕಾಲ," ಅಂದ ಕಾಂತರಾಜ್. ಅವನ ನಡುಕ ನಿಂತಿತ್ತು.

ಅವರು ಅವನ ಕಣ್ಣಿಗೆ ಟಾರ್ಚ್ ಬಿಟ್ಟರು. ಪಾಪೆ ಸಾಸಿವೆ ಕಾಳಿನಷ್ಟಿತ್ತು. ಆಮೇಲೆ ನನ್ನ ಕಡೆ ತಿರುಗಿದರು.

ಸುಳ್ಳು ನನಗೆ ನೀರು ಕುಡಿದಷ್ಟು ಸಲೀಸು. ಆದರೂ ಬಾಯಿಂದ ಬಂದದ್ದು ಬೇರೆ.

"ಒಂದು ಗಂಟೆ ಹಿಂದೆ, ಮೇಡಂ."

"ಹೇಳಿದ್ದು ಒಳ್ಳೇದಾಯ್ತು. ಮೈಯೊಳಗೆ ಆ ಮಾತ್ರೆ ಇರುವಾಗ ನಾಲಿಗೆ ಕೆಳಗಿಡೋ ಮಾತ್ರೆ ಕೊಟ್ರೆ ಒದ್ದಾಡಿಬಿಡ್ತಾರೆ. ಆಮೇಲೆ ಯಾವ ಡಾಕ್ಟರ್ ಹತ್ರಾನೂ ಬರಲ್ಲ. ನಾಳೆನೂ ನಾನು ಇಲ್ಲೇ ಇರ್ತೀನಿ. ಬೆಳಿಗ್ಗೆ ಎಂಟಕ್ಕೆ ಕರ್ಕೊಂಡು ಬನ್ನಿ. ಅಲ್ಲೀವರೆಗೂ ಏನೂ ತಗೋಬಾರದು."

"ನಾಳೆವರೆಗೇನು, ಬ್ಯಾರನ್ನಿನಲ್ಲಿ ಎಂಟು ದಿನ ಕೂಡಾಕ್ತೀನಿ! ನಲವತ್ತು ಜನರನ್ನ ಹಂಗೇ..."

ಅವರ ಪೆನ್ನು ನಿಂತಿತು.

"ಎಂಟು ದಿನ ಬಿಟ್ರೆ ದೇಹ ಹಳೇ ಡೋಸು ಮರೆತುಬಿಡುತ್ತೆ, ನಂಜಯ್ಯ. ಮನಸ್ಸು ಮರೆಯಲ್ಲ. ಹೊರಗೆ ಬಂದವನು ಮೊದಲಿನಷ್ಟೇ ತಗೋತಾನೆ. ಉಸಿರು ನಿಲ್ಲುತ್ತೆ."



"ನಂಜಣ್ಣ," ಕಾಂತರಾಜ್ ಮೆಲ್ಲಗೆ ಕೇಳಿದ. "ನಮ್ಮಣ್ಣನ್ಗೆ ಅಂಗೇ ಆಗಿದ್ದಾ?"

"ಹೂಂ ಕಣೋ."

ನನ್ನ ಜನ್ಮದಲ್ಲೇ ನಾನಾಡಿದ ಅತಿ ಚಿಕ್ಕ ಮಾತು ಅದು.

ಆಮೇಲೆ ಅಲ್ಲಿಂದ ಕದಲಲಿಲ್ಲ. ಕ್ಲಿನಿಕ್ಕಿನ ಜಗಲಿಯ ಮೇಲೇ ಉಳಿದೆವು. ಅವನು ಬೈದ, ಅತ್ತ, ನನ್ನ ಕೈ ಕಚ್ಚಿದ. ಹನ್ನೆರಡು ಹಲ್ಲಿನ ಗುರುತಿದೆ, ಬೇಕಾದರೆ ಎಣಿಸಿ. ಎದುರಿನ ಟೀ ಅಂಗಡಿಯ ಮುಂದೆ ಬೊಲೆರೊ ಬಂದು ನಿಂತಿತ್ತು. ಕುಮಾರ್ ಇಳಿಯಲೇ ಇಲ್ಲ. ಅವನಿಗೇನು ಅವಸರ?

ಬೆಳಿಗ್ಗೆ ಎಂಟಕ್ಕೆ ಮಾನಸ ಬಂದರು. ಮಾತ್ರೆ ಅವನ ನಾಲಿಗೆ ಕೆಳಗೆ ಹೋಯಿತು.

"ನುಂಗಬೇಡಿ. ಕರಗೋವರೆಗೂ ಮಾತಾಡಬೇಡಿ. ಇದು ತಿಂಗಳುಗಟ್ಟಲೆ ನಡೀಬೇಕು, ಗೊತ್ತಾಯ್ತಾ?"

ಅವನು ತಲೆಯಾಡಿಸಿದ. ನನ್ನ ಫೋನ್ ಹೊಡೆದುಕೊಂಡಿತು. ಸುನಂದಮ್ಮ.

"ನಂಜಣ್ಣ, ನಾಳೆ ಬ್ಯಾರನ್ ಖಾಲಿ ಆಯ್ತದೆ. ಬೀಗದ ಕೈ ನಿಮ್ಮತ್ರನೇ ಐತಲ್ವಾ?"

"ಬ್ಯಾರನ್ ಬೇಡ ಸುನಂದಮ್ಮ."

"ಯಾಕ್ರೀ? ನಲವತ್ತು ಜನ ವಾಸಿಯಾದ್ರು ಅಂದಿದ್ರಿ?"

"ಒಬ್ನೇ. ನಿಮ್ಮ ಮೂರ್ತಿ ಒಬ್ನೇ. ಅವನು... ಹಾರ್ಟು ನಿಂತು ಸಾಯ್ಲಿಲ್ಲ."

ಕಾಂತರಾಜ್ ನನ್ನನ್ನೇ ನೋಡುತ್ತಿದ್ದ.

ನಾಲಿಗೆ ಕೆಳಗೆ ಮಾತ್ರೆ ಇದ್ದದ್ದು ಅವನಿಗೆ... ಮಾತು ನಿಂತದ್ದು ನನಗೆ!