ಟ್ಯಾಂಕಿನ ಹಿಂದೆ ಕೂತ ಮಹಾಶೂರೆ

"ನಾ ಆಡಂಗಿಲ್ಲಂದ್ರ ಆಡಂಗಿಲ್ಲ!"

ಇಷ್ಟು ಹೇಳಿ ಶ್ರೀಲೇಖಾ ನೀರಿನ ಟ್ಯಾಂಕಿನ ಹಿಂದೆ ಹೋಗಿ ಕೂತಳು. ಅಕ್ಕಲಕೋಟೆಯ ಮೈದಾನದಲ್ಲಿ ಸೊಲ್ಲಾಪುರದ ಅವಳ ಶಾಲೆಗೂ ಕುಂಭಾರಿಯ ಶಾಲೆಗೂ ಖೋ ಖೋ ಮ್ಯಾಚು ಇನ್ನೇನು ಶುರುವಾಗಲಿತ್ತು. ಟೀಮಿನಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವಳು ಶ್ರೀಲೇಖಾ. ಕ್ಯಾಪ್ಟನ್ ಆದವಳು ಮಾತ್ರ ಅವಳ ಜೀವದ ಗೆಳತಿ ಸುರಭಿ.

ಹೀಗೆ ಸಿಟ್ಟಾಗುವುದನ್ನು ಅವಳು ಕಲಿತದ್ದು ಬೆಳಿಗ್ಗೆ ಬಸ್ಸಿನಲ್ಲಿ. ಮನೀಷಾ ಮ್ಯಾಡಮ್ ಗ್ರೀಕರ ಬಹಳ ಹಳೆಯ ವೀರಕಾವ್ಯದ ಕತೆ ಹೇಳಿದ್ದರು. ಅದರಲ್ಲೊಬ್ಬ ಮಹಾಶೂರ. ರಾಜ ಅವಮಾನ ಮಾಡಿದನೆಂದು ಆಯುಧ ಬಿಟ್ಟು ಡೇರೆಯಲ್ಲಿ ಕೂತುಬಿಟ್ಟ. ಅವನ ಕಡೆಯವರು ಸೋಲತೊಡಗಿದರು. ಕಡೆಗೆ ದೊಡ್ಡ ದೊಡ್ಡವರೇ ಕಾಣಿಕೆಯ ಆಸೆ ತೋರಿಸಿ, ಬಾರಪ್ಪಾ ಅಂತ ಕರೆಯಲು ಬಂದರು. ಅಷ್ಟರಲ್ಲಿ ಅಕ್ಕಲಕೋಟೆ ಬಂತು.

"ಖರೇ ವೀರ ಅಂದ್ರ ಯಾರು, ವಿಚಾರ ಮಾಡ್ರಿ," ಅಂದು ಮ್ಯಾಡಮ್ ಇಳಿದರು.

ಶ್ರೀಲೇಖಾ ವಿಚಾರ ಮಾಡಿದಳು. ಡೇರೆ ಇರಲಿಲ್ಲ, ಟ್ಯಾಂಕಿತ್ತು. ಕರೆಯಲು ಬಂದವರಿಂದ ಕ್ಯಾಪ್ಟನ್ನಿನ ತೋಳುಪಟ್ಟಿ ಕೇಳಬೇಕು, ಸುರಭಿಯ ಡಬ್ಬಿಯ ಶೇಂಗಾ ಹೋಳಿಗೆಯನ್ನೂ ಕೇಳಬೇಕು. ಅದಕ್ಕಿಂತ ಕಡಿಮೆಗೆ ಏಳಬಾರದು.

ಯಾರೂ ಬರಲಿಲ್ಲ. ಒಂದು ನಾಯಿ ಬಂತು. ಸೋರಿದ ನೀರು ನೆಕ್ಕಿ, ಮಹಾಶೂರೆಯನ್ನು ನೋಡಿಯೂ ನೋಡದಂತೆ ಹೋಯಿತು. ಅದೇ ನೀರು ಅವಳ ಚಡ್ಡಿಯನ್ನೂ ತೋಯಿಸಿತು.

"ಸೋಲಲಿ ಎಲ್ಲಾರೂ," ಅಂದುಕೊಂಡಳು. ಅಂದುಕೊಂಡ ಮೇಲೆ ತನಗೇ ಹೆದರಿಕೆಯಾಯಿತು. ಆದರೆ ಈಗ ತಾನಾಗಿ ಎದ್ದು ಹೋದರೆ ಮರ್ಯಾದೆ ಏನು ಉಳಿಯುತ್ತದೆ?

ಬ್ರೇಕಿನಲ್ಲಿ ಸುರಭಿ ಬಂದಳು. ಮೊಣಕಾಲು ತರಚಿ ರಕ್ತ ಬಂದಿತ್ತು. ಕೈಯಲ್ಲಿ ಕಾಗದದ ಪೊಟ್ಟಣ. ಬಂತು ಕಾಣಿಕೆ! ಶ್ರೀಲೇಖಾ ಬೆನ್ನು ನೆಟ್ಟಗೆ ಮಾಡಿ, ಮುಖ ಆಚೆ ತಿರುಗಿಸಿದಳು.

"ತಗೋ, ಅಜವಾನ. ಮ್ಯಾಡಮ್ ಕೊಟ್ಟಾರ. ಅಗದು ನುಂಗು."

"ಅಜವಾನ ಯಾಕ?"

"ಹೊಟ್ಟಿ ನೋವಿಗೆ."

ತಾನಿಲ್ಲಿ ಭೂಮಿ ನಡುಗುವ ಹಾಗೆ ಸಿಟ್ಟಾಗಿದ್ದರೆ, ಅವರೆಲ್ಲ ಹೊಟ್ಟೆ ನೋವು ಅಂದುಕೊಂಡಿದ್ದಾರೆ! ಶ್ರೀಲೇಖಾ ಆ ಓಮಕಾಳು ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಬಂದದ್ದು ಅದರ ಖಾರಕ್ಕೇ ಅಂತ ಇಟ್ಟುಕೊಳ್ಳೋಣ.

"ಕಾಲಿಗೆ ಏನಾತು?"

"ಖಂಬದ ಹತ್ರ ಡೈವ್ ಹೊಡದೆ. ಅದು ನಿನ್ನ ಕೆಲಸ, ನನಗೆಲ್ಲಿ ಬರ್ತದ?"

ಶ್ರೀಲೇಖಾ ಎದ್ದಳು. ಈಗ ಓಡುವ ಪಾಳಿ ಸೊಲ್ಲಾಪುರದವರದು. ಇನ್ನು ನೋಡ್ರಿ ನನ್ನ ಓಟ ಅಂತ ಮೈದಾನಕ್ಕೆ ನುಗ್ಗಿದಳು. ಖಂಬ ಸುತ್ತುವಾಗ ಕಾಲು ಜಾರಿ ದೊಪ್ಪನೆ ಬಿದ್ದಳು. ಕುಂಭಾರಿಯ ಹುಡುಗಿ ಅವಸರವೇ ಇಲ್ಲದೆ ಬಂದು, ಬೆನ್ನು ಮುಟ್ಟಿ ಔಟ್ ಮಾಡಿದಳು. ಸೊಲ್ಲಾಪುರ ಸೋತಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳೇ ಕೇಳಿದಳು. "ಮ್ಯಾಡಮ್, ಡೇರೆದಾಗ ಕುಂತವ ಮುಂದ ಏನ್ ಮಾಡಿದ?"

"ಎದ್ದು ಬರಲಿಲ್ಲ. ಅವನ ಬದಲಿ ಅವನ ಗೆಳೆಯ ರಣಕ್ಕ ಹೋದ. ಸತ್ತ."

ಕಿಟಕಿಯಾಚೆ ನೋಡುತ್ತಿದ್ದವರೂ ಮ್ಯಾಡಮ್ ಕಡೆ ತಿರುಗಿದರು.

"ಅವಾಗ ಎದ್ದ. ಮೈಮ್ಯಾಲ ಬೂದಿ ಸುರುವಿಕೊಂಡು ಅತ್ತ. ಗೆಳೆಯನ್ನ ಕೊಂದವನ್ನ ಕೊಂದ. ಹೆಣಾನೂ ಕೊಡಲಿಲ್ಲ. ಕಡೀಕ ಆ ವೈರಿಯ ಮುದುಕ ಅಪ್ಪ ಬಂದು ಮಗನ ಹೆಣ ಬೇಡಿದ. ಇವ ಆ ಮುದುಕನ ಕೂಡ ಕುಂತು ಅತ್ತ. ಊಟಕ್ಕ ಹಾಕಿ, ಹೆಣ ಕೊಟ್ಟು ಕಳಿಸಿದ. ಕಾವ್ಯ ಅಲ್ಲಿಗೇ ಮುಗೀತದ."

"ಮತ್ತ ಯುದ್ಧ ಯಾರು ಗೆದ್ರು?" ಕೇಳಿದಳು ಶ್ರೀಲೇಖಾ.

"ಅದು ಆ ಕಾವ್ಯದಾಗ ಇಲ್ಲ."

ಶ್ರೀಲೇಖಾ ಪಕ್ಕದಲ್ಲಿದ್ದ ಸುರಭಿಯ ಮೊಣಕಾಲು ನೋಡಿದಳು. ಆಮೇಲೆ ಪಿಸುಗುಟ್ಟಿದಳು. "ನನಗ ಹೊಟ್ಟಿ ನೋವು ಅಂತ ಮ್ಯಾಡಮ್‌ಗ ಯಾರು ಹೇಳಿದ್ರು?"

"ನಾ. ಸಿಟ್ಟು ಮಾಡಿ ಕುಂತಾಳಂದ್ರ ನಿನ್ನನ್ನ ಟೀಮಿಂದ ತಗದು ಹಾಕ್ತಿದ್ರು."

"ನಿನಗ ನನ್ನ ಮ್ಯಾಲ ಸಿಟ್ಟು ಬಂದಿಲ್ಲೇನು?"

"ಬಂದದ, ಭಾಳ ಬಂದದ. ಆದ್ರ ಮ್ಯಾಚ್ ಇತ್ತಲ್ಲ."

ಶ್ರೀಲೇಖಾಗೆ ತುಂಬ ನಾಚಿಕೆಯಾಯಿತು. ಕರವಸ್ತ್ರ ತೋಯಿಸಿ ಗಾಯದ ಸುತ್ತಲಿನ ಮಣ್ಣು ಒರೆಸಿದಳು.

"ಮೆಲ್ಲಕ, ಉರೀತದ," ಅಂದಳು ಸುರಭಿ.

ಶ್ರೀಲೇಖಾ ಬಗ್ಗಿ ಊದತೊಡಗಿದಳು. ಬಸ್ಸು ಕುಂಭಾರಿ ದಾಟಿದರೂ ಊದುತ್ತಲೇ ಇದ್ದಳು.