ಕಾಪಿ ಯಂತ್ರದ ಬಾಯಿಕಟ್ಟು

“ಅದರ ಬುಡಕ್ಕೆ ಕೈ ಹಾಕ್ಬೇಡಿ ಮಾರಾಯ್ರೇ. ಬಿಡಿಸಿದವರ ಮೇಲೇ ಬರ್ತದೆ ಅದು,” ಎಂದಳು ಸುಮಿತ್ರ, ಬಾಗಿಲಾಚೆ ಒಮ್ಮೆ ನೋಡಿ.

ಕಾಪಿ ಯಂತ್ರದ ಹಿಂಬದಿ ಬಿಚ್ಚುತ್ತಿದ್ದ ಅಭಿರಾಮ ನಕ್ಕ. “ಹಾರ್ಡ್ ಡಿಸ್ಕಿಗೂ ಮಾಟ ಮಾಡಿಸ್ತಾರಾ ಮೇಡಂ? ಹಂಗಾದ್ರೆ ನನ್ನ ಬದಲು ಮಂತ್ರವಾದೀನೇ ಸರ್ವಿಸಿಗೆ ಕರೀಬೇಕಿತ್ತು.”

ಆ ನಗುವಿನಲ್ಲಿ ಸಿಟ್ಟೇ ಹೆಚ್ಚಿತ್ತು. ಮೈಸೂರಿನ ಅಭಿರಾಮ ಕೊಚ್ಚಿಯ ಸರ್ವಿಸ್ ಕೇಂದ್ರಕ್ಕೆ ಹೊಸಬ. ತಿರುವನಂತಪುರದ ಈ ಸರ್ಕಾರಿ ಕಚೇರಿಯ ಯಂತ್ರಕ್ಕೆ ಎಷ್ಟು ಡಿಸ್ಕ್ ಹಾಕಿದರೂ ಸಾಯುತ್ತಿದ್ದವು. ವೋಲ್ಟೇಜು ಅಳೆದಿದ್ದ, ಅರ್ತಿಂಗ್ ಮಾಡಿಸಿದ್ದ, ಫ್ಯಾನು, ಕೇಬಲ್ಲು, ಬೋರ್ಡು ಬದಲಿಸಿದ್ದ. ಆದರೂ ಮತ್ತೆ ಮತ್ತೆ ಕೊಚ್ಚಿ ಪಕ್ಕದ ಆಲುವದಲ್ಲಿ ರೈಲು ಹತ್ತಿ ಇಲ್ಲಿನ ತಂಪಾನೂರು ನಿಲ್ದಾಣದಲ್ಲಿ ಇಳಿಯಬೇಕು, ಅಧಿಕಾರಿ ದಾಮೋದರನಿಂದ ಕೆಲಸ ಬಾರದವನೆಂದು ಎಲ್ಲರೆದುರು ಬೈಸಿಕೊಳ್ಳಬೇಕು. ಇವತ್ತು ಮೊಟ್ಟಮೊದಲು ಸತ್ತ ಡಿಸ್ಕನ್ನೇ ತಂದು, ಪರೀಕ್ಷೆಗೆಂದು ಒಳಗೆ ಕೂರಿಸಿದ್ದ. ಅದು ಉಗುರಿನಿಂದ ಕೆರೆದಂತೆ ಟಿಕ್ ಟಿಕ್ ಎನ್ನುತ್ತಿತ್ತು.

ಕಾಸರಗೋಡಿನ ಸುಮಿತ್ರ ಅಲ್ಲಿನ ಹಿರಿಯ ಗುಮಾಸ್ತೆ. ದನಿ ತಗ್ಗಿಸಿದಳು. “ಆಚೆ ಕೂತಿದ್ದಾಳಲ್ಲ ಶಂಕರಿ, ಅವಳ ಮೇಲೆ ದಾಮೋದರ ಕೈ ಹಾಕಿದ. ಅವಳು ದೂರು ಬರೆದು ಇದ್ರಲ್ಲೇ ಸ್ಕ್ಯಾನ್ ಮಾಡಿದ್ಳು, ಅದು ಡಿಸ್ಕಿನಲ್ಲಿ ಉಳೀತು. ಕಾಗದವನ್ನು ಅವ ಹರಿದು ಹಾಕಿದ. ವಿಚಾರಣೆಯಲ್ಲಿ ಇವಳಿಗೆ ಸ್ವರವೇ ಬರ್ಲಿಲ್ಲ. ಇವತ್ತಿಗೂ ಇಲ್ಲ. ಪುನಃ ಬರೀಲಿಕ್ಕೆ ಹೋದ್ರೆ ಕೈ ಮರಗಟ್ತದೆ. ಡಿಸ್ಕ್ ಸಾಯ್ಲಿಕ್ಕೆ ಶುರುವಾದದ್ದೂ ಆವಾಗ್ಲೇ. ಅವನೇ ಇದ್ರ ಬುಡದಲ್ಲಿ ಬಾಯಿಕಟ್ಟಿನ ಮಾಟ ಇಡಿಸಿದ್ದಂತೆ.”

ಅಭಿರಾಮನ ನಗು ನಿಂತಿತು. ಗಾಜಿನ ಕೋಣೆಯೊಳಗೆ ದಾಮೋದರ ನೆಮ್ಮದಿಯಾಗಿ ಚಹಾ ಹೀರುತ್ತಿದ್ದ. ಹೊರಗೆ ಶಂಕರಿ ತಲೆ ತಗ್ಗಿಸಿ ಕಡತಗಳಿಗೆ ದಾರ ಕಟ್ಟುತ್ತಿದ್ದಳು. ಮಾಟವನ್ನು ಅವನು ಆಗಲೂ ನಂಬಲಿಲ್ಲ. ಆದರೆ ಆ ನೆಮ್ಮದಿ ನೋಡಿ ಅವನ ಕಿವಿಗಳು ಕಾದುಹೋದವು. ಮೊಣಕಾಲೂರಿ ಯಂತ್ರದ ಅಡಿಗೆ ಕೈ ತೂರಿಸಿದ.

ಕರೆಂಟು ಹೋಯಿತು. ಕಿಟಕಿಯಿಲ್ಲದ ಆ ಕೋಣೆ ಹಾಡಹಗಲಲ್ಲೇ ಕತ್ತಲಾಯಿತು. ಬಿಸಿ ಟೋನರಿನ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಎದ್ದಿತು. ಸುಟ್ಟ ಕೂದಲು. ಬೆರಳಿಗೆ ತೆಳ್ಳಗಿನ ತಗಡು ತಾಕಿತು. ಉದ್ದ ಕೂದಲು ಸುತ್ತಿದ ತಾಮ್ರದ ತಗಡು. ನಡುವೆ ಕಬ್ಬಿಣದ ಮೊಳೆ. ಅದು ಬೆಚ್ಚಗಿತ್ತು, ಜ್ವರ ಬಂದ ಮೈಯಂತೆ.

“ಬಿಡಿ ಅದನ್ನು,” ಸುಮಿತ್ರ ಅವನ ಅಂಗಿ ಹಿಡಿದೆಳೆದಳು.

“ಯಾಕ್ ಬಿಡ್ಲಿ,” ಎಂದ ಅಭಿರಾಮ. ಹಲ್ಲು ಕಚ್ಚಿದ. ಮೊಳೆ ಎಳೆದ. ಬರಲಿಲ್ಲ. ಮತ್ತೆ ಎಳೆದ. ಕೂದಲು ಮಣಿಕಟ್ಟಿಗೆ ಸುತ್ತಿಕೊಂಡಿತು. ಬಿಗಿಯಿತು. ತೋಳೇರಿತು. ಕುತ್ತಿಗೆಗೆ ಬಂತು. ಉಸಿರು ಕಟ್ಟಿತು. ಕಾಲಿನಿಂದ ಯಂತ್ರಕ್ಕೆ ಒದ್ದು, ಮೈಯ ಭಾರವನ್ನೆಲ್ಲ ಹಾಕಿ ಜಗ್ಗಿದ.

ಮೊಳೆ ಕಿತ್ತು ಬಂತು.

ಕರೆಂಟಿಲ್ಲದ ಯಂತ್ರ ಗುರ್ರೆಂದಿತು. ಸತ್ತ ಡಿಸ್ಕ್ ತಿರುಗಿತು. ಹಸಿರು ಬೆಳಕು ಗೋಡೆ ಸವರಿತು. ಒಂದರ ಹಿಂದೊಂದು ಹಾಳೆಗಳು ಹೊರಬಿದ್ದವು. ಹಾಳೆ ತುಂಬ ಶಂಕರಿಯ ಕೈಬರಹ, ದಾಮೋದರ ಹರಿದು ಹಾಕಿದ್ದ ಅದೇ ದೂರು.

ಆಚೆ ಕುರ್ಚಿ ಉರುಳಿತು. ಬಾಗಿಲಲ್ಲಿ ಶಂಕರಿ ನಿಂತಿದ್ದಳು. ಬಾಗಿ ಹಾಳೆ ಎತ್ತಿಕೊಂಡಳು. ತುಕ್ಕು ಹಿಡಿದಂಥ ಗಂಟಲಿನಿಂದ ಮೊದಲ ಸಾಲು ಓದಿದಳು. ಎರಡನೆಯದಕ್ಕೆ ದನಿ ಏರಿತು. ಓದುತ್ತಲೇ ದಾಮೋದರನ ಕೋಣೆಗೆ ನಡೆದಳು. ಕಚೇರಿಯೆಲ್ಲ ಎದ್ದು ನಿಂತಿತು. ದಾಮೋದರ ಕಿತ್ತುಕೊಳ್ಳಲು ಕೈ ಚಾಚಿದ.

“ಕೈ ಹಿಂದಕ್ಕೆ ತೆಗಿ,” ಎಂದಳು ಶಂಕರಿ. “ಪೂರ್ತಿ ಕೇಳು.”

ಇನ್ನೂ ಜೋರಾಗಿ ಓದಿ ಎಂದು ಕೂಗಬೇಕೆನಿಸಿತು ಅಭಿರಾಮನಿಗೆ. ಬಾಯಿ ತೆರೆದ. ನಾಲಗೆ ಕಲ್ಲಾಗಿತ್ತು. ಸುಮಿತ್ರ ಅವನನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪೆನ್ನೊಂದನ್ನು ಅವನ ಕೈಗಿತ್ತಳು. ಬೆರಳುಗಳು ಮಡಚಲಿಲ್ಲ. ಪೆನ್ನು ನೆಲಕ್ಕೆ ಬಿತ್ತು.

ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಹೆಂಡತಿ ಅಶ್ವಿತಾ. ಸುಮಿತ್ರ ಅದನ್ನು ತೆಗೆದು ಅವನ ಕಿವಿಗೆ ಹಿಡಿದಳು.

“ಕೆಲ್ಸ ಮುಗೀತಾ? ಹಲೋ? ಉಸಿರು ಕೇಳಿಸ್ತಿದೆ, ಮಾತಾಡಿ. ನಾನೇನ್ ಮಾಡ್ದೆ, ನನ್ ಮೇಲ್ಯಾಕೆ ಸಿಟ್ಟು?”