ಧೂಳಿನ ಮೇಲಿನ ಎರಡು ಪಟ್ಟಿ

ಮುಂಬಯಿ ಬಳಿಯ ಬೇಲಾಪುರದ ಖಾಡಿಯ ಹಿನ್ನೀರಿನಲ್ಲಿ ಹಾಯಿದೋಣಿ ಮುಳುಗಿದೆ ಎಂದು ಫೋನು ಬಂದಾಗ ಜಲಜಾಕ್ಷಿ ಡೊಂಬಿವಲಿಯ ಮನೆಯಲ್ಲಿ ದೋಸೆ ಹೊಯ್ಯುತ್ತಿದ್ದಳು. ಕಾವಲಿಯ ಮೇಲಿದ್ದುದನ್ನು ಮಗುಚಿ, ಬೇಯಿಸಿ, ಆಮೇಲೆ ಗ್ಯಾಸ್ ಆರಿಸಿದಳು. ಗಂಡ ತಾರಾನಾಥ ತೀರಿಹೋಗಿ ಏಳು ತಿಂಗಳು. ಅಂದಿನಿಂದ ಅವಳಿಗೆ ಯಾವುದೂ ನಾಟುತ್ತಿರಲಿಲ್ಲ. ಇಪ್ಪತ್ತು ವರ್ಷ ಹೋಟೆಲು ನಡೆಸಿದ ಮನುಷ್ಯ ಹಟ ಹಿಡಿದು ಕೊಂಡ ದೋಣಿ ಅದು. ಹೆಸರು ‘ಜಲಜಾ’.

ಅವಳು ಖಾಡಿಗೆ ತಲುಪುವಾಗ ಇಳಿತದ ನೀರಲ್ಲಿ ದೋಣಿ ಕೆಸರಿಗೆ ವಾಲಿ ನಿಂತಿತ್ತು. ಹಿಂಬದಿಯ ಕಂಬಿಯ ಮೇಲಿದ್ದ ಸೋಲಾರ್ ಪ್ಯಾನೆಲಿಗೆ ಮಾತ್ರ ನೀರು ತಾಗಿರಲಿಲ್ಲ.

“ಎಷ್ಟು ಧೂಳು ನೋಡು ಮಮ್ಮಿ! ಶನಿವಾರ ಶನಿವಾರ ಒರೆಸಬೇಕಿತ್ತು. ಚೆನ್ನಯನದೇ ಲಾಪರ್ವಾಯಿ, ಅಸಡ್ಡೆ,” ಎಂದ ಮಗ ಹಿತೇಶ್. ಪೊಲೀಸರಿಗೆ ಕೊಡುವ ದೂರು ಆಗಲೇ ಅವನ ಕೈಯಲ್ಲಿತ್ತು.

ದೋಣಿ ಕಾಯುವ ಚೆನ್ನಯ ತಲೆ ತಗ್ಗಿಸಿದ್ದ. ಈ ವಯಸ್ಸಿನಲ್ಲಿ ಕೇಸು ಬಿದ್ದರೆ ಯಾವ ದೋಣಿಕಟ್ಟೆಯವರು ಅವನನ್ನು ಕೆಲಸಕ್ಕೆ ಸೇರಿಸುತ್ತಾರೆ?

ವಿಮೆಯವರು ತನಿಖೆಗೆ ಕಳಿಸಿದ ಮಾನಸಿ ಪ್ಯಾಂಟು ಮಡಚಿ ಕೆಸರಿಗಿಳಿದಳು. ಅರ್ಧ ಗಂಟೆ ತಡಕಾಡಿ ಎದ್ದಳು.

“ತಳ ಒಡೆದಿಲ್ಲ. ವೈರ್ ಕತ್ತರಿಸಿಲ್ಲ. ಪಂಪಿನ ಸ್ವಿಚ್ ಆನ್ ಇದೆ. ನೀರು ಜಿನುಗುತ್ತಿತ್ತಾ ಚೆನ್ನಯಣ್ಣ?”

“ಯಾವಾಗಲೂ ಸ್ವಲ್ಪ ಉಂಟು. ಬಿಸಿಲಿಗೆ ಬ್ಯಾಟರಿ ಚಾರ್ಜ್ ಆಗ್ತದೆ, ಪಂಪ್ ಓಡ್ತದೆ, ನೀರು ಹೊರಗೆ ಹೋಗ್ತದೆ.”

“ಹಾಗಾದರೆ ಬ್ಯಾಟರಿ ಖಾಲಿಯಾಗಿದೆ. ಪ್ಯಾನೆಲ್ ಯಾಕೆ ಒರೆಸಲಿಲ್ಲ?”

“ಉದಾಸೀನ. ತಪ್ಪಾಯ್ತು.”

“ಒಂದೆರಡು ವಾರದ ಧೂಳಿಗೇ ಬ್ಯಾಟರಿ ಖಾಲಿಯಾಗುವುದಿಲ್ಲ. ಎಲ್ಲರೂ ಧೂಳು ನೋಡಿದಿರಿ—ಧೂಳಿಲ್ಲದ ಜಾಗ ನೋಡಿದಿರಾ?”

ಪ್ಯಾನೆಲಿನ ಮೂಲೆಯಿಂದ ಮೂಲೆಗೆ, ಒಂದನ್ನೊಂದು ಹಾಯುವ ಎರಡು ಶುಭ್ರ ಪಟ್ಟಿ. ನಾಲ್ಕು ಮೂಲೆಯಲ್ಲೂ ನೂಲಿನ ಗಂಟು. ಗಂಟಿನಲ್ಲಿ ಒಣಗಿದ ಗೊಂಡೆ ಹೂವಿನ ಎಸಳು.

“ದಪ್ಪ ಹೂಮಾಲೆ,” ಎಂದಳು ಮಾನಸಿ. “ಪ್ಯಾನೆಲಿನ ಬಿಲ್ಲೆಗಳು ಒಂದಕ್ಕೊಂದು ಪೋಣಿಸಿದ ಹಾಗಿರುತ್ತವೆ. ಕೆಲವಕ್ಕೆ ನೆರಳು ಬಿದ್ದರೂ ಉಳಿದವುಗಳ ಕರೆಂಟು ನಿಲ್ಲುತ್ತದೆ. ಮಹಾನವಮಿಯಿಂದ ಇವತ್ತಿಗೆ ಹದಿಮೂರು ದಿನ. ಮಾಲೆ ಕಟ್ಟಿದ ಕೈಯೇ ದೋಣಿ ಮುಳುಗಿಸಿದ್ದು. ಆಯುಧಪೂಜೆ ಮಾಡಿದ್ದು ಯಾರು?”

“ನಾನೇ!” ಎಂದ ಚೆನ್ನಯ, ತೀರಾ ಬೇಗ.

“ಅಲ್ಲ,” ಎಂದಳು ಜಲಜಾಕ್ಷಿ. “ನಾನು.”

ಪ್ರತಿವರ್ಷ ಪೂಜೆ ತಾರಾನಾಥನದು. ಮಾರನೆಯ ಬೆಳಿಗ್ಗೆ ಬಂದು ಹೂ ತೆಗೆಯುವವನೂ ಅವನೇ. ಈ ಸಲ ಅವಳು ಒಬ್ಬಳೇ ಬಂದು ಕಟ್ಟಿ ಹೋಗಿದ್ದಳು. ಮಾರನೆ ದಿನ ಬರಬೇಕೆಂದು ಅನಿಸಲೇ ಇಲ್ಲ.

“ನೀನಾದರೂ ತೆಗೆಯಬಾರದಿತ್ತಾ ಚೆನ್ನಯ?”

“ಪೂಜೆ ಮಾಡಿದ ಕೈಯೇ ತೆಗೆಯಬೇಕಲ್ಲ ಅಕ್ಕ. ಇವತ್ತು ಬರ್ತೀರಿ, ನಾಳೆ ಬರ್ತೀರಿ ಅಂತ ಕಾದೆ. ಮಾಲೆ ಇದ್ದ ಕಾರಣ ಒರೆಸಲಿಕ್ಕೂ ಆಗಲಿಲ್ಲ. ಮುಳುಗಿದ ಮೇಲೆ ಮಾಲೆ ಕತ್ತರಿಸಿ ಖಾಡಿಗೆ ಬಿಟ್ಟೆ.”

“ಪೊಲೀಸರು ನಿನ್ನನ್ನೇ ಹಿಡಿದಿದ್ದರೆ?” ಎಂದಳು ಜಲಜಾಕ್ಷಿ.

“ಧಣಿಯನ್ನು ಕಳಕೊಂಡಿದ್ದೀರಿ. ಇದನ್ನೂ ನಿಮ್ಮ ತಲೆಗೆ ಕಟ್ಟುವುದಾ?”

ಎದೆಯಲ್ಲಿ ಏನಾದರೂ ಆಗುತ್ತದೋ ಎಂದು ಜಲಜಾಕ್ಷಿ ಕಾದಳು. ಏನೂ ಆಗಲಿಲ್ಲ. “ಹೆಸರು ತಿದ್ದು,” ಎಂದಳು ಮಗನಿಗೆ. “ಚೆನ್ನಯ ಅಂತಿರುವಲ್ಲಿ ನನ್ನದು ಬರೆ.” ಹಿತೇಶ್ ಕಾಗದವನ್ನು ಮಡಚಿ ಜೇಬಿಗಿಟ್ಟ.

ಅವಳು ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದಳು. ಒಂದೊಂದೇ ಗಂಟು ಬಿಚ್ಚತೊಡಗಿದಳು. ಮೂರು ಸಲೀಸಾಗಿ ಬಂದವು. ನಾಲ್ಕನೆಯದಕ್ಕೆ ಬರುವಾಗ ಕಣ್ಣು ಮಂಜಾಗಿ ಗಂಟೇ ಕಾಣಿಸಲಿಲ್ಲ.